ಛಾವಣಿಯ ವಾದ್ಯಗಾರರು: ನಾರ್ಮನ್ ಸಿಸಿಲಿಯ ಸಂಗೀತವನ್ನು ಮತ್ತೆ ಕಟ್ಟುವ ಬಗೆಗಳು

ಗೋಷ್ಠಿಯ ಅಧ್ಯಕ್ಷರಿಗೆ, ವಿಭಾಗದ ಅಧ್ಯಾಪಕರಿಗೆ, ಸೊಲ್ಲಾಪುರ, ಅಕ್ಕಲಕೋಟೆ, ಕಾಸರಗೋಡು, ಹೊಸೂರು, ಆದೋನಿ ಕಡೆಯಿಂದ ಸೇರಿಕೊಂಡಿರುವ ಗೆಳೆಯರಿಗೆ ಧನ್ಯವಾದ. ಧ್ವನಿ ಸರಿಯಾಗಿ ಕೇಳ್ತಾ ಇದೆ ಅಂದ್ಕೊಂಡು ಶುರು ಮಾಡ್ತೀನಿ.

ಈ ಸರಣಿಯಲ್ಲಿ ನಾವು ಸಾಮಾನ್ಯವಾಗಿ ನಮ್ಮ ನಮ್ಮ ಗಡಿಗಳ ಬಗ್ಗೆಯೇ ಮಾತಾಡ್ತೀವಿ. ನಾನು ಇವತ್ತು ಆಯ್ದುಕೊಂಡಿರೋದು ದೂರದ್ದು: 12ನೆಯ ಶತಮಾನದ ಸಿಸಿಲಿ ದ್ವೀಪ, ಅಲ್ಲಿಯ ನಾರ್ಮನ್ ಮತ್ತು ಅರಬ್ ಸಂಸ್ಕೃತಿಗಳು, ಮತ್ತು ಆ ಕಾಲದ ಸಂಗೀತವನ್ನೂ ವಾದ್ಯಗಳನ್ನೂ ಮತ್ತೆ ಜೀವಂತಗೊಳಿಸುವ ಇಂದಿನ ಪ್ರಯತ್ನಗಳು. ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಇದರಲ್ಲೇನು ಕೆಲಸ ಅಂತ ಕೇಳಬಹುದು. ಕೆಲಸ ಇದೆ. ಕೇಳಿಸದ ಒಂದು ಕಾಲವನ್ನು ಪಠ್ಯ ಮತ್ತು ಚಿತ್ರಗಳಿಂದ ಕೇಳಿಸುವ ಹಾಗೆ ಮಾಡೋದು ಮೂಲತಃ ಓದಿನ ಸಮಸ್ಯೆ, ವ್ಯಾಖ್ಯಾನದ ಸಮಸ್ಯೆ. ಎರಡನೆಯದಾಗಿ, ಹಲವು ಭಾಷೆಗಳು ಕೂಡಿ ಬಾಳಿದ ಜಾಗವನ್ನು ಆಮೇಲಿನ ಕಾಲ ಹೇಗೆ ನೆನಪಿಟ್ಟುಕೊಳ್ಳುತ್ತದೆ ಅನ್ನೋದು ಗಡಿಯಲ್ಲಿ ಕೂತ ನಮ್ಮೆಲ್ಲರ ಪ್ರಶ್ನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡ್ತೀನಿ. ಈ ಪುನಾರಚನೆಗಳಲ್ಲಿ ಒಂದು ಹಂಚಿಕೆ ಸದ್ದಿಲ್ಲದೆ ನಡೆದಿದೆ. ಸ್ವರ ನಾರ್ಮನರದು, ಬಣ್ಣ ಅರಬರದು. ಪಠ್ಯ ಲ್ಯಾಟಿನ್, ವಾದ್ಯ ಅರಬ್ಬೀ. ಈ ಹಂಚಿಕೆ ಆಕರಗಳ ಸ್ವಭಾವದಿಂದ ಹುಟ್ಟಿದ್ದು ಹೌದು. ಆದರೆ ಅದನ್ನು ಪ್ರಶ್ನಿಸದೆ ಒಪ್ಪಿಕೊಂಡರೆ ಇತಿಹಾಸದಲ್ಲಿ ಜೊತೆಗಿದ್ದ ಒಂದು ಸಮುದಾಯ ಇನ್ನೊಂದರ ಅಲಂಕಾರವಾಗಿ ಮಾತ್ರ ಉಳಿಯುತ್ತದೆ.

1. ಜಾಗ ಮತ್ತು ಕಾಲ

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳ್ತೀನಿ. ಸಿಸಿಲಿ 9ನೆಯ ಶತಮಾನದಿಂದ ಮುಸ್ಲಿಂ ಆಳ್ವಿಕೆಯಲ್ಲಿತ್ತು. 1061ರಲ್ಲಿ ನಾರ್ಮನರು ದಾಳಿ ಶುರು ಮಾಡಿದರು, 1072ರಲ್ಲಿ ಪಲೆರ್ಮೊ ಅವರ ಕೈಗೆ ಬಂತು, 1091ರ ಹೊತ್ತಿಗೆ ಇಡೀ ದ್ವೀಪ ಅವರದಾಯಿತು. 1130ರ ಕ್ರಿಸ್‌ಮಸ್ ದಿನ ಎರಡನೆಯ ರೋಜರ್ ರಾಜನಾಗಿ ಪಟ್ಟಕ್ಕೆ ಬಂದ. ಅವನ ಆಸ್ಥಾನ ಲ್ಯಾಟಿನ್, ಗ್ರೀಕ್, ಅರಬ್ಬೀ ಮೂರರಲ್ಲೂ ನಡೆಯುತ್ತಿತ್ತು. 1142ರ ನೀರು ಗಡಿಯಾರವೊಂದರ ಶಾಸನ ಮೂರೂ ಭಾಷೆಗಳಲ್ಲಿದೆ. 1149ರ ಒಂದು ಸಮಾಧಿಕಲ್ಲು ಇನ್ನೂ ಮುಂದೆ ಹೋಗಿ, ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿಯನ್ನೂ ಸೇರಿಸಿ ನಾಲ್ಕು ಬಗೆಯ ಬರಹ ಹೊತ್ತಿದೆ. ಅಲ್ ಇದ್ರೀಸಿ ಎಂಬ ಭೂಗೋಳಶಾಸ್ತ್ರಜ್ಞ 1154ರಲ್ಲಿ ಮುಗಿಸಿದ ಅರಬ್ಬೀ ಗ್ರಂಥ ಇವತ್ತಿಗೂ ‘ರೋಜರನ ಪುಸ್ತಕ’ ಅಂತಲೇ ಪ್ರಸಿದ್ಧ.

ಕಲ್ಲಿನ ಮೇಲೆ ಎರಡು ಮೂರು ಭಾಷೆ ಇರೋದು ನಮಗೆ ಹೊಸದಲ್ಲ. ಆದರೆ ಒಂದು ಮಾತು ನೆನಪಿಡಬೇಕು. ಶಾಸನದಲ್ಲಿ ಭಾಷೆಗಳು ಅಕ್ಕಪಕ್ಕ ಇದ್ದಾವೆ ಅಂದ ಮಾತ್ರಕ್ಕೆ ಆ ಭಾಷೆ ಆಡುವ ಜನರೂ ಸಮಸಮವಾಗಿದ್ದರು ಅಂತ ಅರ್ಥವಲ್ಲ.

2. ಮೂರು ಆಕರ, ಮೂರು ಮೌನ

ಈ ಸಂಗೀತವನ್ನು ಮತ್ತೆ ಕಟ್ಟೋರಿಗೆ ಸಿಗುವ ಸಾಮಗ್ರಿ ಏನು? ಮೂರು ಬಗೆಯದು.

ಮೊದಲನೆಯದು ಲ್ಯಾಟಿನ್ ಚರ್ಚಿನ ಹಾಡಿನ ಹಸ್ತಪ್ರತಿಗಳು. ನಾರ್ಮನ್ ಸಿಸಿಲಿಗೆ ಸೇರಿದ ಕೆಲವು ಮುಖ್ಯ ಪ್ರತಿಗಳು ಈಗ ಮ್ಯಾಡ್ರಿಡ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಡೇವಿಡ್ ಹೈಲಿ ಎಂಬ ವಿದ್ವಾಂಸರು ಇವುಗಳನ್ನೇ ಕೇಂದ್ರವಾಗಿಟ್ಟು ವಿಸ್ತಾರವಾಗಿ ಕೆಲಸ ಮಾಡಿದ್ದಾರೆ. ಈ ಹಾಡುಗಳ ನಂಟು ಉತ್ತರ ಫ್ರಾನ್ಸಿನ ಜೊತೆಗೆ. ಆರ್ಡೆರಿಕ್ ವಿಟಾಲಿಸ್ ಎಂಬ 12ನೆಯ ಶತಮಾನದ ಚರಿತ್ರೆಕಾರ ಒಂದು ಸಂಗತಿ ಹೇಳ್ತಾನೆ: ನಾರ್ಮಂಡಿಯ ಸೇಂಟ್ ಎವ್ರೂಲ್ ಮಠದಿಂದ ದಕ್ಷಿಣ ಇಟಲಿಗೆ ಹೋದ ಸನ್ಯಾಸಿಗಳು ಅಲ್ಲಿ ಕಟ್ಟಿದ, ನಡೆಸಿದ ಮಠಗಳಲ್ಲಿ ತಮ್ಮೂರಿನ ಹಾಡಿನ ಧಾಟಿಯನ್ನೇ ಹಾಡುತ್ತಿದ್ದರು. ಅಂದರೆ ಈ ಸಂಗೀತ ಮೊದಲು ಪಯಣ ಮಾಡಿದ್ದು ಕೊರಳಿನಲ್ಲಿ, ಬರಹ ಅದರ ಬೆನ್ನಿಗೆ ಬಂದದ್ದು. ಇಲ್ಲಿ ಸ್ವರಲಿಪಿ ಇದೆ, ಸ್ವರದ ಏರಿಳಿತ ತಿಳಿಯುತ್ತದೆ. ಕಾಲಪ್ರಮಾಣ ತಿಳಿಯುವುದಿಲ್ಲ. ಯಾವ ಸ್ವರ ಎಷ್ಟು ಹೊತ್ತು ಅನ್ನೋದನ್ನು ಹಾಡುವವರೇ ತೀರ್ಮಾನಿಸಬೇಕು. ವಾದ್ಯದ ಪ್ರಸ್ತಾಪವಂತೂ ಇಲ್ಲ.

ಎರಡನೆಯದು ಚಿತ್ರ. ಪಲೆರ್ಮೊದ ಅರಮನೆಯೊಳಗೆ ರೋಜರ್ ಕಟ್ಟಿಸಿದ ಕಪೆಲ್ಲಾ ಪಲಟೀನಾ ಎಂಬ ಚರ್ಚಿದೆ. ನೆಲ, ಗೋಡೆ, ಗುಮ್ಮಟ ಬಿಟ್ಟು ಕತ್ತೆತ್ತಿ ನೋಡಿದರೆ ಮರದ ಛಾವಣಿ, ಜೇನುಗೂಡಿನ ಹಾಗೆ ಇಳಿಬಿದ್ದ ಇಸ್ಲಾಮಿ ಶೈಲಿಯ ಮುಖರ್ನಸ್ ಕೆಲಸ. ಅದರ ಸಣ್ಣ ಸಣ್ಣ ಮುಖಗಳ ಮೇಲೆ ಚಿತ್ರಗಳು: ಕಾಲು ಮಡಚಿ ಕೂತು ಬಟ್ಟಲು ಹಿಡಿದ ದೊರೆ, ಕುಣಿಯುವವರು, ಬೇಟೆಗಾರರು, ಮತ್ತೆ ಮತ್ತೆ ವಾದ್ಯಗಾರರು. ಊದ್ ನುಡಿಸುವವರಿದ್ದಾರೆ, ಕೊಳಲು ಊದುವವರಿದ್ದಾರೆ, ದಫ್ ಬಡಿಯುವವರಿದ್ದಾರೆ. ಕ್ರೈಸ್ತ ರಾಜನ ಚರ್ಚಿನ ನೆತ್ತಿಯ ಮೇಲೆ ಅರಬ್ ಮೇಳ! ಪುನಾರಚನೆಯ ಉತ್ಸಾಹಿಗಳಿಗೆ ಇದಕ್ಕಿಂತ ದೊಡ್ಡ ಆಹ್ವಾನ ಬೇಕಾ?

ಆದರೆ ಇಲ್ಲಿ ಸಾಹಿತ್ಯದ ವಿದ್ಯಾರ್ಥಿ ಕೈ ಎತ್ತಲೇಬೇಕು. ನಮ್ಮಲ್ಲಿ ಕವಿಸಮಯ ಅಂತ ಒಂದಿದೆ. ಚಂಪೂಕಾವ್ಯಗಳಲ್ಲಿ ಅಷ್ಟಾದಶ ವರ್ಣನೆ ಬರುತ್ತದೆ, ಅದರಲ್ಲಿ ಜಲಕ್ರೀಡೆ ಇದೆ, ಮಧುಪಾನ ಇದೆ. ಜೈನ ಕವಿಯೊಬ್ಬ ಮಧುಪಾನವನ್ನು ವರ್ಣಿಸಿದ್ದಾನೆ ಅಂತ ಆ ಕವಿ ಯಾವ ಅಂಗಡಿಗೆ ಹೋಗ್ತಿದ್ದ ಅಂತ ಯಾರೂ ಹುಡುಕುವುದಿಲ್ಲ. ಪಲೆರ್ಮೊದ ಛಾವಣಿಗೂ ಇದೇ ಎಚ್ಚರ ಬೇಕು. ಬಟ್ಟಲು ಹಿಡಿದ ದೊರೆ, ನರ್ತಕಿ, ವಾದ್ಯಗಾರ, ಬೇಟೆ ಈ ಗುಂಪು ಫಾತಿಮಿದ್ ಕಾಲದ ಕೈರೋದ ಮರಗೆತ್ತನೆಯಲ್ಲೂ ಬರುತ್ತದೆ, ದಂತದ ಕೆತ್ತನೆಯಲ್ಲೂ ಬರುತ್ತದೆ. ಅದು ರಾಜವೈಭವವನ್ನು ಹೇಳುವ ಸಿದ್ಧ ಭಾಷೆ, ಚಿತ್ರಸಮಯ ಅನ್ನಬಹುದು. ಆ ಚಿತ್ರ ಪಲೆರ್ಮೊದಲ್ಲಿ ಇಂಥ ಮೇಳ ಇಂಥ ದಿನ ಕೂತಿತ್ತು ಅನ್ನೋದಕ್ಕೆ ಸಾಕ್ಷಿಯಲ್ಲ. ಆ ಚಿತ್ರಭಾಷೆ ಬಲ್ಲ ಕಲಾವಿದರಿಗೆ ಅಲ್ಲಿ ಕೆಲಸ ಸಿಕ್ಕಿತ್ತು ಅನ್ನೋದಕ್ಕೆ ಸಾಕ್ಷಿ. ಎರಡೂ ಮುಖ್ಯವೇ, ಆದರೆ ಎರಡೂ ಒಂದೇ ಅಲ್ಲ.

ವಾದ್ಯ ಮಾಡುವವರಿಗೆ ಇನ್ನೊಂದು ಕಷ್ಟ. ಚಿತ್ರದಲ್ಲಿ ವಾದ್ಯದ ಹೊರಮೈ ಕಾಣುತ್ತದೆ, ಒಳಗಿನ ಕಟ್ಟಡ ಕಾಣುವುದಿಲ್ಲ. ಹಲಗೆ ಎಷ್ಟು ದಪ್ಪ, ಒಳಗೆ ಆಸರೆ ಪಟ್ಟಿಗಳು ಎಲ್ಲಿ, ತಂತಿ ಕರುಳಿನದೋ ರೇಷ್ಮೆಯದೋ ಅನ್ನೋದು ನಾದವನ್ನೇ ತೀರ್ಮಾನಿಸುತ್ತದೆ. ಅದು ಬಣ್ಣದಲ್ಲಿ ಬರುವುದಿಲ್ಲ.

ಮೂರನೆಯದು ಅರಬ್ಬೀ ಬರಹ. ಇಲ್ಲಿ ಸಂಪತ್ತಿದೆ. 950ರಲ್ಲಿ ತೀರಿಕೊಂಡ ಅಲ್ ಫಾರಾಬಿ ತನ್ನ ಸಂಗೀತದ ಮಹಾಗ್ರಂಥದಲ್ಲಿ ಊದ್ ವಾದ್ಯದ ಮೇಲೆ ಬೆರಳು ಎಲ್ಲಿ ಬೀಳಬೇಕು ಅಂತ ಲೆಕ್ಕ ಹಾಕಿ ತೋರಿಸ್ತಾನೆ. ಅಬುಲ್ ಫರಜ್ ಅಲ್ ಇಸ್ಫಹಾನಿಯ ‘ಕಿತಾಬ್ ಅಲ್ ಅಘಾನಿ’ ಹಾಡುಗಳ ಸಾಹಿತ್ಯದ ಜೊತೆಗೆ ತಾಳದ ಹೆಸರನ್ನೂ ಬೆರಳು ತಂತಿಗಳ ಸೂಚನೆಯನ್ನೂ ಕೊಡುತ್ತದೆ. ಧಾಟಿಯನ್ನು ಕೊಡುವುದಿಲ್ಲ. ನಮ್ಮ ದಾಸರ ಪದಗಳ ಹಸ್ತಪ್ರತಿಗಳಲ್ಲಿ ನೆತ್ತಿಯ ಮೇಲೆ ರಾಗ, ತಾಳ ಬರೆದು ಸುಮ್ಮನಾಗ್ತಾರಲ್ಲ, ಹಾಗೆ. ಗೊತ್ತಿದ್ದವರಿಗೆ ಅಷ್ಟು ಸಾಕಿತ್ತು.

ಇನ್ನು ಸಿಸಿಲಿಯ ಅರಬ್ಬೀ ಕಾವ್ಯ. ಇಬ್ನ್ ಹಮ್ದೀಸ್ ಅಲ್ಲಿ ಹುಟ್ಟಿ, ನಾರ್ಮನರು ಬಂದ ಮೇಲೆ ಯೌವನದಲ್ಲೇ ಊರು ಬಿಟ್ಟು ಸೆವಿಲ್‌ಗೆ ಹೋದವನು, 1133ರಲ್ಲಿ ಪರದೇಶದಲ್ಲೇ ತೀರಿಕೊಂಡ. ಅವನ ಕವಿತೆಗಳಲ್ಲಿ ಪಾನಗೋಷ್ಠಿಯಿದೆ, ಹಾಡುವವರಿದ್ದಾರೆ, ಕಳೆದುಕೊಂಡ ದ್ವೀಪದ ಹಂಬಲವಿದೆ. ಊರಲ್ಲೇ ಉಳಿದು ರೋಜರನನ್ನೂ ಅವನ ಅರಮನೆಗಳನ್ನೂ ಹೊಗಳಿ ಬರೆದ ಅರಬ್ಬೀ ಕವಿಗಳೂ ಇದ್ದರು. ಅವರ ಪದ್ಯಗಳು ನಮಗೆ ತುಂಡುತುಂಡಾಗಿ ಸಿಗೋದಕ್ಕೆ ಒಂದು ಕಾರಣವಿದೆ. ಅವನ್ನು ಉಳಿಸಿಕೊಟ್ಟ ಸಂಕಲನಕಾರ, ಸಲಾಹುದ್ದೀನನ ಕಾರ್ಯದರ್ಶಿಯಾಗಿದ್ದ ಇಮಾದುದ್ದೀನ್, ಪರಧರ್ಮದ ರಾಜನ ಹೊಗಳಿಕೆಯ ಸಾಲುಗಳನ್ನು ತಾನು ಕೈಬಿಟ್ಟೆ ಅಂತ ಹೇಳಿಕೊಂಡಿದ್ದಾನೆ.

ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ಆ ಕವಿಗಳನ್ನು ಲ್ಯಾಟಿನ್ ಕಡೆಯವರು ತಮ್ಮವರೆಂದು ನಕಲು ಮಾಡಲಿಲ್ಲ, ಅರಬ್ಬೀ ಕಡೆಯವರು ಪೂರ್ತಿ ನಕಲು ಮಾಡಲಿಲ್ಲ. ಗಡಿಯಲ್ಲಿ ಬರೆದವರ ಹಣೆಬರಹ ಇದು. ಎರಡೂ ಕಡೆಯ ಸಾಹಿತ್ಯ ಚರಿತ್ರೆಯಲ್ಲಿ ಅಡಿಟಿಪ್ಪಣಿ.

3. ಜೋಡಿಸುವವರು

ಹೀಗೆ ಒಂದು ಕಡೆ ವಾದ್ಯವಿಲ್ಲದ ಸ್ವರ, ಇನ್ನೊಂದು ಕಡೆ ಸ್ವರವಿಲ್ಲದ ವಾದ್ಯ. ಎರಡನ್ನೂ ಜೋಡಿಸಿದರೆ ಆಯ್ತಲ್ಲ ಅನ್ನೋ ಆಸೆ ಸಹಜ. 20ನೆಯ ಶತಮಾನದ ಪ್ರಾಚೀನ ಸಂಗೀತ ಚಳವಳಿ ಮಾಡಿದ್ದು ಬಹುಮಟ್ಟಿಗೆ ಇದನ್ನೇ. ಸಿಸಿಲಿಗಿಂತ ಹೆಚ್ಚಾಗಿ ಸ್ಪೇನಿನ ಮತ್ತು ಫ್ರಾನ್ಸಿನ ಹಾಡುಗಳ ಮೇಲೆ ಈ ಪ್ರಯೋಗ ನಡೆಯಿತು. ಅಲ್ಲಿ ಕಟ್ಟಿದ ನಾದವೇ ಮುಂದೆ ಸಿಸಿಲಿಗೂ ಬಂತು.

ಆರ್ನಲ್ಡ್ ಡಾಲ್ಮೆಚ್ ಇಂಗ್ಲೆಂಡಿನಲ್ಲಿ ಹಳೆಯ ವಾದ್ಯಗಳನ್ನು ಕೈಯಾರೆ ಮಾಡಿ, 1925ರಲ್ಲಿ ಹ್ಯಾಸಲ್‌ಮಿಯರ್‌ನಲ್ಲಿ ಉತ್ಸವವನ್ನೇ ಶುರು ಮಾಡಿದರು. 1960ರ ದಶಕದಲ್ಲಿ ಡೇವಿಡ್ ಮನ್ರೋ ಲಂಡನ್ನಿನಲ್ಲಿ ತಂಡ ಕಟ್ಟಿದರು. ಜಗತ್ತಿನ ಜನಪದ ಊದುವಾದ್ಯಗಳಲ್ಲಿ ಮಧ್ಯಯುಗದ ಯುರೋಪಿನ ವಾದ್ಯಗಳ ನೆಂಟರನ್ನು ಹುಡುಕಿದರು. 1976ರಲ್ಲಿ, ತಮ್ಮ 33ನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಮಧ್ಯಯುಗದ ವಾದ್ಯಗಳ ಮೇಲಿನ ಅವರ ಪುಸ್ತಕ ಬಂದಿತ್ತು. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದವರು ಥಾಮಸ್ ಬಿಂಕ್ಲಿ. ಮ್ಯೂನಿಕ್‌ನಲ್ಲಿ ಶುರುವಾದ ಅವರ ತಂಡ ಮೊರಾಕೊದ ಅಂದಲೂಸಿ ಸಂಗೀತವನ್ನು ಕೇಳಿ, ಅದರಿಂದ ಪೀಠಿಕೆ ನುಡಿಸುವ ರೀತಿ, ಚರಣಗಳ ನಡುವೆ ವಾದ್ಯ ತುಂಬುವ ರೀತಿ, ಒಂದೇ ಧಾಟಿಯನ್ನು ಹಲವರು ಸ್ವಲ್ಪ ಸ್ವಲ್ಪ ಬೇರೆಯಾಗಿ ನುಡಿಸುವ ರೀತಿಯನ್ನು ತೆಗೆದುಕೊಂಡಿತು. ಯುರೋಪಿನ ಟ್ರೂಬಡೂರ್ ಹಾಡಿಗೆ ಊದ್ ಬಂತು, ರಬಾಬ್ ಬಂತು.

ಇದಕ್ಕೆ ಆಧಾರ ಇರಲಿಲ್ಲ ಅಂತ ಹೇಳೋಕಾಗಲ್ಲ. ವಾದ್ಯಗಳ ಹೆಸರುಗಳೇ ಸಾಕ್ಷಿ. ಅಲ್ ಊದ್ ಅನ್ನೋದೇ ಯುರೋಪಿನ ಲ್ಯೂಟ್ ಆಯಿತು. ರಬಾಬ್ ರೆಬೆಕ್ ಆಯಿತು. ನಕ್ಕಾರಾ ಇಂಗ್ಲಿಷಿನಲ್ಲಿ ನೇಕರ್ಸ್ ಆಯಿತು. ಸ್ಪೇನಿನ ಹುಲಿಯಾನ್ ರಿಬೇರಾ 1922ರಲ್ಲೇ ಹತ್ತನೆಯ ಆಲ್ಫೊನ್ಸೊ ರಾಜನ ಮೇರಿಗೀತೆಗಳ ಸಂಗೀತಕ್ಕೆ ಅರಬ್ ಮೂಲವಿದೆ ಅಂತ ವಾದಿಸಿದ್ದರು, ಜಗಳ ದೊಡ್ಡದಾಗಿ ನಡೆಯಿತು. ಅಲ್ಲಿವರೆಗೂ ಯುರೋಪು ತನ್ನ ಸಂಗೀತಕ್ಕೆ ತಾನೇ ತಾಯಿ ಅಂದ್ಕೊಂಡಿತ್ತು. ಆ ಗರ್ವವನ್ನು ಮುರಿದದ್ದು ಈ ವಿದ್ವಾಂಸರ, ಈ ಕಲಾವಿದರ ದೊಡ್ಡ ಕೆಲಸ. ಅದನ್ನು ಗೌರವದಿಂದ ಒಪ್ಪಿಕೊಂಡೇ ನನ್ನ ಆಕ್ಷೇಪ ಹೇಳ್ತೀನಿ.

ಆಕ್ಷೇಪ ಒಂದು. 12ನೆಯ ಶತಮಾನದ ಯುರೋಪನ್ನು ಕೇಳಿಸೋದಕ್ಕೆ 20ನೆಯ ಶತಮಾನದ ಮೊರಾಕೊವನ್ನು ತರುವಾಗ ಒಂದು ಊಹೆ ಕೆಲಸ ಮಾಡುತ್ತದೆ: ಯುರೋಪು ಬದಲಾಯಿತು, ಅರಬ್ ಜಗತ್ತು ನಿಂತಲ್ಲೇ ನಿಂತಿದೆ. ಯೋಹಾನೆಸ್ ಫೇಬಿಯನ್ 1983ರ ಪುಸ್ತಕದಲ್ಲಿ ಮಾನವಶಾಸ್ತ್ರದ ಬಗ್ಗೆ ಹೇಳಿದ್ದು ಇದನ್ನೇ. ಎದುರಿಗೆ ಕೂತ ಮನುಷ್ಯನನ್ನು ನಮ್ಮ ಕಾಲದವನಲ್ಲ, ಹಿಂದಿನ ಕಾಲದವನು ಅಂತ ನೋಡುವ ಚಾಳಿ. ನಿಜ ಏನಂದ್ರೆ ಅರಬ್ ಸಂಗೀತವೂ ತನ್ನನ್ನು ತಾನು ಮತ್ತೆ ಕಟ್ಟಿಕೊಂಡಿದೆ. 1932ರಲ್ಲಿ ಕೈರೋದಲ್ಲಿ ದೊಡ್ಡ ಸಮ್ಮೇಳನವೇ ನಡೆದು, ಸ್ವರಶ್ರೇಣಿ ಯಾವುದು, ವಾದ್ಯ ಯಾವುದು, ಪಾಠ ಹೇಗೆ ಅಂತ ವಾದ ಮಾಡಿದರು. ಬಾರ್ಟೋಕ್ ಕೂಡ ಅಲ್ಲಿದ್ದರು. 1934ರಲ್ಲಿ ಟ್ಯುನಿಸ್‌ನಲ್ಲಿ ರಶೀದಿಯಾ ಸಂಸ್ಥೆ ಹುಟ್ಟಿದ್ದು ಅಲ್ಲಿಯ ಮಾಲೂಫ್ ಸಂಗೀತವನ್ನು ಉಳಿಸೋದಕ್ಕೆ. ಇವತ್ತು ವೇದಿಕೆಯ ಮೇಲೆ ಕೇಳುವ ಊದ್, ಮೆಟ್ಟಿಲ್ಲದ ಕೊರಳಿನದು, ತನ್ನದೇ ಆಧುನಿಕ ಇತಿಹಾಸ ಇರುವ ವಾದ್ಯ. ಅದನ್ನು ರೋಜರನ ಕಾಲದ ನಾದ ಅಂತ ಕರೆದರೆ ಆ ವಾದಕನ ಗುರುಪರಂಪರೆಯನ್ನೇ ಅಳಿಸಿದ ಹಾಗೆ.

ಆಕ್ಷೇಪ ಎರಡು. ಅಧಿಕೃತತೆ ಅನ್ನೋದು ತಾನೇ ಕಾಲಕ್ಕೆ ತಕ್ಕಂತೆ ಬದಲಾಗುವ ರುಚಿ. ರಿಚರ್ಡ್ ಟರಸ್ಕಿನ್ ತಮ್ಮ 1995ರ ಸಂಕಲನದಲ್ಲಿ, ಅಧಿಕೃತ ಪ್ರಯೋಗ ಅಂತ ನಾವು ಕೇಳೋದು 20ನೆಯ ಶತಮಾನದ್ದೇ ಅಭಿರುಚಿ ಅಂತ ವಾದಿಸಿದರು. ಡ್ಯಾನಿಯಲ್ ಲೀಚ್ ವಿಲ್ಕಿನ್ಸನ್ 2002ರಲ್ಲಿ ಮಧ್ಯಯುಗದ ಸಂಗೀತದ ಆಧುನಿಕ ಸೃಷ್ಟಿ ಹೇಗಾಯಿತು ಅಂತಲೇ ಪುಸ್ತಕ ಬರೆದರು. 1960, 70ರ ದಶಕಗಳಲ್ಲಿ ಬಣ್ಣಬಣ್ಣದ ವಾದ್ಯಗಳು. 1980ರ ದಶಕದಲ್ಲಿ ಕ್ರಿಸ್ಟೋಫರ್ ಪೇಜ್ ಮತ್ತಿತರರು ಬರೀ ಕೊರಳು ಸಾಕು ಅಂದರು. ಹಸ್ತಪ್ರತಿಗಳು ಅವೇ. ಕೇಳುವ ಕಿವಿ ಬೇರೆ. ಜಾನ್ ಹೇನ್ಸ್ ಅಂತೂ ಮಧ್ಯಯುಗದ ಹಾಡಿಗೆ ‘ಅರಬ್ ಶೈಲಿ’ ಹೇಗೆ ಅಂಟಿಕೊಂಡಿತು ಅನ್ನೋದರ ಚರಿತ್ರೆಯನ್ನೇ 2001ರಲ್ಲಿ ಬರೆದಿದ್ದಾರೆ.

ಹಾಗಂತ ಎಲ್ಲರೂ ಒಂದೇ ಅಲ್ಲ. 1974ರಲ್ಲಿ ತಂಡ ಕಟ್ಟಿದ ಜೋರ್ಡಿ ಸವಾಲ್ ಅವರ ಮುದ್ರಿಕೆಗಳ ಜೊತೆ ಬರುವ ದಪ್ಪ ಪುಸ್ತಿಕೆಗಳನ್ನು ನೋಡ್ರಿ. ಯಾವ ಹಾಡು ಯಾವ ಹಸ್ತಪ್ರತಿಯದು, ಯಾವುದು ಬಾಯಿಂದ ಬಾಯಿಗೆ ಬಂದದ್ದು, ಯಾರು ಏನು ನುಡಿಸಿದ್ದಾರೆ ಅಂತ ಹೆಸರು ಹಿಡಿದು ಹೇಳ್ತಾರೆ. ಕೇಳುಗನಿಗೆ ಆಗ ಊದ್ ಒಂದು ಪರಿಮಳ ದ್ರವ್ಯವಾಗಿ ಉಳಿಯದೆ, ಹೆಸರುಳ್ಳ ಒಬ್ಬ ಕಲಾವಿದನ ಮಾತಾಗುತ್ತದೆ.

4. ನಗಾರಿಯ ಪುಟದಲ್ಲೇ ಇರುವ ಭಯ

1184–85ರ ಚಳಿಗಾಲದಲ್ಲಿ ಇಬ್ನ್ ಜುಬೈರ್ ಎಂಬ ಅಂದಲೂಸಿ ಯಾತ್ರಿಕ ಹಡಗು ಒಡೆದು ಸಿಸಿಲಿಯಲ್ಲಿ ಇಳಿಯಬೇಕಾಯಿತು. ಅವನ ಪ್ರವಾಸಕಥನ ನಮಗಿರುವ ಅತ್ಯುತ್ತಮ ಕಣ್ಣುಸಾಕ್ಷಿ. ಪಲೆರ್ಮೊದಲ್ಲಿ ಕ್ರಿಸ್‌ಮಸ್ ದಿನ ಕ್ರೈಸ್ತ ಹೆಂಗಸರು ಮುಸ್ಲಿಂ ಹೆಂಗಸರ ಹಾಗೆಯೇ ಉಟ್ಟು, ಮುಸುಕು ಹಾಕಿ, ಅರಬ್ಬೀ ಮಾತಾಡಿಕೊಂಡು ಓಡಾಡಿದರು ಅಂತ ಬರೀತಾನೆ. ತ್ರಾಪನಿ ಊರಲ್ಲಿ ಈದ್ ದಿನ ಮುಸ್ಲಿಮರು ನಗಾರಿ, ಕಹಳೆಗಳ ಜೊತೆ ಮೆರವಣಿಗೆಯಲ್ಲಿ ನಮಾಜಿಗೆ ಹೋದರು, ಕ್ರೈಸ್ತರು ಅದನ್ನು ಸಹಿಸಿದ್ದು ತನಗೆ ಅಚ್ಚರಿ ಅಂತ ಹೇಳ್ತಾನೆ. ಸಂಗೀತದ ಮಟ್ಟಿಗೆ ಛಾವಣಿಯ ಚಿತ್ರಕ್ಕಿಂತ ಗಟ್ಟಿ ಸಾಕ್ಷ್ಯ ಇದು. ಯಾಕಂದ್ರೆ ಇದು ಬೀದಿಯದು.

ಆದರೆ ಅದೇ ಊರಿನ ಅದೇ ಪುಟಗಳಲ್ಲಿ ಇನ್ನೊಂದು ಪ್ರಸಂಗ ಬರುತ್ತದೆ. ಊರಿನ ಗಣ್ಯ ಮುಸ್ಲಿಮನೊಬ್ಬ ಯಾತ್ರಿಕರಲ್ಲಿ ಒಬ್ಬನಿಗೆ ಹೇಳಿ ಕಳಿಸ್ತಾನೆ: ನನ್ನ ಮಗಳನ್ನು ನಿಮ್ಮ ಜೊತೆ ಕರ್ಕೊಂಡು ಹೋಗ್ರಿ, ಬೇಕಾದರೆ ನೀವೇ ಮದುವೆಯಾಗ್ರಿ, ಇಲ್ಲವೇ ನಿಮ್ಮ ಊರಲ್ಲಿ ತಕ್ಕವರಿಗೆ ಕೊಡ್ರಿ, ಹೇಗಾದರೂ ಅವಳು ಈ ದ್ವೀಪದಿಂದ ಆಚೆ ಹೋದರೆ ಸಾಕು. ಮಗಳು ಒಪ್ಪಿದ್ದಾಳೆ. ನಗಾರಿ ಬಡಿದು ಹಬ್ಬ ಮಾಡಿದ ಸಮುದಾಯವೇ ತನ್ನ ಮಕ್ಕಳಿಗೆ ಇಲ್ಲಿ ನಾಳೆ ಇಲ್ಲ ಅಂತ ಲೆಕ್ಕ ಹಾಕುತ್ತಿತ್ತು.

ಲೆಕ್ಕ ತಪ್ಪಾಗಲಿಲ್ಲ. 1189ರಲ್ಲಿ ಎರಡನೆಯ ವಿಲಿಯಂ ತೀರಿಕೊಂಡ ಮೇಲೆ ಪಲೆರ್ಮೊದಲ್ಲಿ ಮುಸ್ಲಿಮರ ಮೇಲೆ ಹಲ್ಲೆಗಳಾದವು. 1220ರ ದಶಕದಿಂದ ಎರಡನೆಯ ಫ್ರೆಡರಿಕ್, ಅರಬ್ಬೀ ವಿದ್ಯೆಯ ಪೋಷಕನೆಂದು ಹೆಸರಾದವನೇ, ಅವರನ್ನು ಇಟಲಿಯ ಲುಚೇರಾಕ್ಕೆ ಸಾಗಿಸಿದ. 1300ರಲ್ಲಿ ಲುಚೇರಾವನ್ನೂ ನಾಶಮಾಡಿ ಜನರನ್ನು ಗುಲಾಮರಾಗಿ ಮಾರಿದರು.

2015ರಲ್ಲಿ ಯುನೆಸ್ಕೊ ‘ಅರಬ್–ನಾರ್ಮನ್ ಪಲೆರ್ಮೊ’ ಎಂಬ ಹೆಸರಿನಲ್ಲಿ ಈ ಕಟ್ಟಡಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷ. ಆದರೆ ಆ ಹೆಸರಿನಲ್ಲಿರುವ ಅಡ್ಡಗೆರೆ ಎಷ್ಟು ಸಲೀಸಾಗಿ ಕೂತಿದೆ ನೋಡಿ. ಸಹಬಾಳ್ವೆಯ ಸಂಗೀತ ಕಚೇರಿಗಳಲ್ಲಿ ತ್ರಾಪನಿಯ ನಗಾರಿ ಕೇಳಿಸುತ್ತದೆ, ತ್ರಾಪನಿಯ ಆ ಹುಡುಗಿ ಕೇಳಿಸೋದಿಲ್ಲ. ಆ ನಾಡಿನ ಅರಬ್ಬೀ ಇವತ್ತು ಬದುಕಿರೋದು ಪಕ್ಕದ ಮಾಲ್ಟಾದಲ್ಲಿ. ಮಾಲ್ಟೀಸ್ ಆ ಅರಬ್ಬಿಯ ಮಗಳು, ಬರೆಯೋದು ಲ್ಯಾಟಿನ್ ಅಕ್ಷರದಲ್ಲಿ. ಲಿಪಿ ಬದಲಾದರೂ ಮಾತು ಉಳಿಯಬಹುದು, ಅದಕ್ಕೆ ಬೇಕಿದ್ದದ್ದು ಆಡುವ ಜನ ಇದ್ದಲ್ಲೇ ಇರೋದು.

5. ನಮ್ಮ ಕಿವಿಯ ಕಡೆಗೆ

ಈಗ ಸ್ವಲ್ಪ ನಮ್ಮ ಕಡೆ. ಛಾವಣಿಗೆ ಬಣ್ಣ ಹಚ್ಚುತ್ತಿದ್ದ ಅದೇ 12ನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಅಂದರೆ ನಮ್ಮ ಸೊಲ್ಲಾಪುರದಲ್ಲಿ, ಸಿದ್ಧರಾಮ ವಚನ ಹೇಳ್ತಿದ್ದ. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ ತಂದಾಗ ಮಾತು ಸಿಕ್ಕಿತು. ಧಾಟಿ ಸಿಗಲಿಲ್ಲ, ಯಾಕಂದ್ರೆ ಬರಹದಲ್ಲಿ ಅದು ಇರಲಿಲ್ಲ. ಇವತ್ತು ವಚನ ಅಂದ ಕೂಡಲೇ ನಮ್ಮ ಕಿವಿಗೆ ಬರುವ ನಾದ ಬಹಳಮಟ್ಟಿಗೆ ಮಲ್ಲಿಕಾರ್ಜುನ ಮನ್ಸೂರರಂಥ ಗಾಯಕರದು. ಮನ್ಸೂರರು ಕಲಿತದ್ದು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರ ಹತ್ತಿರ. ಹಾಗಾಗಿ ನಮಗೆ ಇಷ್ಟು ಹತ್ತಿರದ್ದು ಅನ್ನಿಸುವ ವಚನಗಾಯನ 20ನೆಯ ಶತಮಾನದ ಹಿಂದೂಸ್ತಾನಿ ಸಂಗೀತದ, ಮುಸ್ಲಿಂ ಉಸ್ತಾದರ ಪರಂಪರೆಯ ಕೊಡುಗೆ. ಇದು ಅನಧಿಕೃತವಾ? ನನ್ನ ಪ್ರಕಾರ ಅಲ್ಲ. ಮನ್ಸೂರರು ಇದು ಕಲ್ಯಾಣದ ಮೂಲ ಧಾಟಿ ಅಂತ ಹಾಡಲಿಲ್ಲ, ತಮ್ಮ ರಾಗವನ್ನು ರಾಗ ಅಂತಲೇ ಹೆಸರಿಟ್ಟು ಹಾಡಿದರು. ಸಾಲ ಕಾಣುವಂತಿದೆ, ಅದಕ್ಕೇ ಅದು ಘನವಾಗಿದೆ.

ಇನ್ನೊಂದು ನಂಟು ವಾದ್ಯದ ಹೆಸರಿನದು. ಪಶ್ಚಿಮಕ್ಕೆ ಹೋಗಿ ನೇಕರ್ಸ್ ಆದ ಅದೇ ನಕ್ಕಾರಾ ಪೂರ್ವಕ್ಕೆ ಬಂದು ನಗಾರಿ ಆಯಿತು. ವಿಜಯಪುರದ ಗೋಲಗುಮ್ಮಟದ ಎದುರಿಗಿನ ನಗಾರಖಾನೆ ಈಗ ವಸ್ತುಸಂಗ್ರಹಾಲಯ. ಅದೇ ಊರಿನ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ, ದಖನಿಯಲ್ಲಿ ‘ಕಿತಾಬ್–ಎ–ನವರಸ್’ ಬರೆದ. ಅಲ್ಲೂ ಹಾಡಿನ ಮೇಲೆ ರಾಗದ ಹೆಸರಿದೆ, ಧಾಟಿ ಬರೆದಿಲ್ಲ. ಮುಂದೆ ಯಾರಾದರೂ ಅದನ್ನು ವೇದಿಕೆಗೆ ತರುವಾಗ ಪಲೆರ್ಮೊದ ಪ್ರಶ್ನೆಗಳು ಅಲ್ಲಿಗೂ ಬರ್ತಾವೆ. ಮಾತು ಯಾರದು, ನಾದ ಯಾರದು, ಹೊಗಳಿಕೆ ಯಾರಿಗೆ?

ಇದೆಲ್ಲ ಗಡಿಯವರಿಗೆ ಯಾಕೆ ತಾಗುತ್ತದೆ ಅಂದ್ರೆ, ಉತ್ಸವದ ಬಾಗಿಲಲ್ಲಿ ಹಲಗೆ ಬಡಿಯೋದಕ್ಕೆ, ಡೊಳ್ಳು ಕುಣಿಯೋದಕ್ಕೆ ನಮ್ಮನ್ನು ಎಲ್ಲರೂ ಕರೀತಾರೆ. ಒಳಗೆ ಭಾಷಣ, ನಿರ್ಣಯ, ಪುಸ್ತಕ ಶುರುವಾದಾಗ ಆ ವಾದ್ಯಗಾರರು ಊಟದ ಸಾಲಿನಲ್ಲಿರ್ತಾರೆ. ಬಣ್ಣ ನಮ್ಮದು, ಪಠ್ಯ ಅವರದು. ಪಲೆರ್ಮೊದ ಛಾವಣಿಯಿಂದ ನಾನು ಓದಿಕೊಂಡ ಪಾಠ ಇದೇ: ಒಂದು ಸಮುದಾಯವನ್ನು ಎತ್ತರದಲ್ಲಿ ಚಂದವಾಗಿ ಚಿತ್ರಿಸೋದು, ಅದರ ಮಾತನ್ನು ಕೇಳಿಸಿಕೊಳ್ಳೋದು, ಎರಡೂ ಬೇರೆ ಬೇರೆ.

6. ಪುನಾರಚನೆಗೆ ಮೂರು ಕೇಳಿಕೆ

ಹಳೆಯದನ್ನು ಮತ್ತೆ ಕಟ್ಟಬಾರದು ಅನ್ನೋ ತೀರ್ಮಾನಕ್ಕೆ ನಾನು ಬರೋದಿಲ್ಲ. ಕಟ್ಟದೇ ಬಿಟ್ಟರೆ ಹಸ್ತಪ್ರತಿ ಗ್ರಂಥಾಲಯದಲ್ಲಿ, ಚಿತ್ರ ಛಾವಣಿಯಲ್ಲಿ, ಎರಡೂ ಮೂಕ. ಆದರೆ ಮೂರು ಕೇಳಿಕೆ ಇಡ್ತೀನಿ. ಒಂದು, ಎಲ್ಲಿ ಆಕರ ಮುಗಿದು ಕಲ್ಪನೆ ಶುರುವಾಗುತ್ತದೆ ಅನ್ನೋದನ್ನು ಕೇಳುಗನಿಗೆ ಹೇಳಬೇಕು. ಸಂಪಾದಕರು ಗ್ರಂಥ ಸಂಪಾದನೆಯಲ್ಲಿ ತುಂಬಿದ ಅಕ್ಷರಕ್ಕೆ ಕಂಸ ಹಾಕ್ತಾರಲ್ಲ, ಅಂಥ ಪ್ರಾಮಾಣಿಕತೆ ನಾದಕ್ಕೂ ಬೇಕು. ಎರಡು, ಸಾಲ ಕೊಟ್ಟ ಜೀವಂತ ಪರಂಪರೆಯ ಹೆಸರು, ಅದರ ಇಂದಿನ ಕಲಾವಿದರ ಹೆಸರು ಮುಂದಿರಬೇಕು. ಮೂರು, ಧಾಟಿ ಸಿಗದ ಕಡೆ ಸುಮ್ಮನೆ ಓದುವ ಧೈರ್ಯ ಬೇಕು. ಇಬ್ನ್ ಹಮ್ದೀಸನ ಕವಿತೆಯನ್ನು ಲ್ಯಾಟಿನ್ ಹಾಡುಗಳ ನಡುವೆ ವಾದ್ಯವಿಲ್ಲದೆ, ಅರಬ್ಬಿಯಲ್ಲೇ ಓದಿದರೆ ಸಾಕು. ಇಲ್ಲಿಂದ ಒಂದು ಸಂಗೀತ ಹೋಗಿಬಿಟ್ಟಿದೆ ಅನ್ನೋದು ಆ ಮೌನದಲ್ಲೇ ಕೇಳಿಸುತ್ತದೆ.

ಪ್ರಶ್ನೋತ್ತರ

ಪ್ರಶ್ನೆ (ಅಧ್ಯಾಪಕರೊಬ್ಬರು): ಚಿತ್ರಸಮಯ ಅಂತ ಹೇಳಿ ಛಾವಣಿಯ ಸಾಕ್ಷ್ಯವನ್ನು ಪೂರ್ತಿ ತಳ್ಳಿಹಾಕಿದ ಹಾಗಾಗಲಿಲ್ಲವೇ? ಕವಿಸಮಯದಲ್ಲೂ ಕಾಲದ ವಿವರಗಳು ಜಾರಿಕೊಂಡು ಬರುತ್ತವೆ.

ಉತ್ತರ: ಹೌದು ಸರ್, ಬರ್ತಾವೆ. ನಾನು ತಳ್ಳಿಹಾಕ್ತಿಲ್ಲ, ಸಾಕ್ಷ್ಯದ ಬಗೆಯನ್ನು ಬೇರ್ಪಡಿಸ್ತಿದ್ದೀನಿ. ಊದ್ ಹಿಡಿಯುವ ರೀತಿ, ಕೊರಳಿನ ಬಾಗು, ಬೆರಳುಗಳ ಜಾಗ ಇವನ್ನು ವಾದ್ಯ ಬಲ್ಲ ಕಣ್ಣು ಬರೆದಿರಬಹುದು, ಆ ಮಟ್ಟಿಗೆ ವಾದ್ಯ ಮಾಡುವವರಿಗೆ ಅದು ಉಪಯುಕ್ತ. ಆದರೆ ಇಬ್ಬರು ವಾದ್ಯಗಾರರು ಅಕ್ಕಪಕ್ಕದ ಮುಖಗಳಲ್ಲಿದ್ದಾರೆ ಅಂತ ಅವರನ್ನು ಒಂದೇ ಮೇಳ ಮಾಡಿ, ಕೆಳಗೆ ನಡೆಯುತ್ತಿದ್ದ ಲ್ಯಾಟಿನ್ ಪೂಜೆಗೆ ಪಕ್ಕವಾದ್ಯ ಮಾಡೋದು ಬೇರೆ ಮಾತು. ಅಲ್ಲಿಗೆ ಚಿತ್ರ ನಮ್ಮನ್ನು ಕರ್ಕೊಂಡು ಹೋಗೋದಿಲ್ಲ.

ಪ್ರಶ್ನೆ (ಸಹಪಾಠಿಯೊಬ್ಬರು, ಕಾಸರಗೋಡಿನಿಂದ): ಕೇಳುವವರಿಗೆ ಇಷ್ಟೆಲ್ಲ ಬೇಕಾ? ಹಾಡು ಚಂದ ಇದ್ರೆ ಸಾಲದಾ? ಸಹಬಾಳ್ವೆಯ ಕನಸಿಗಾದರೂ ಅದು ಒಳ್ಳೇದಲ್ವಾ?

ಉತ್ತರ: ಚಂದ ಬೇಡ ಅಂತಲ್ಲ. ಕನಸೂ ಬೇಕು. ಆದರೆ ಕೂಡಿ ಬಾಳಿದ್ದರು ಅನ್ನೋ ಕನಸಿಗೆ ಹೇಗೆ ಬೇರೆಯಾದರು ಅನ್ನೋ ನೆನಪೂ ಸೇರದಿದ್ದರೆ ಅದು ಪ್ರವಾಸೋದ್ಯಮದ ಜಾಹೀರಾತು ಆಗ್ತದೆ. ನಿಮ್ಮ ಕಾಸರಗೋಡಿನಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲ ಇವೆ ಅಂತ ಸಪ್ತಭಾಷಾ ಸಂಗಮ ಅಂತ ಕರೀತಾರೆ. ಆ ಹೆಸರು ನಮಗೂ ಇಷ್ಟ. ಆದರೆ ಅದರಲ್ಲಿ ಎಷ್ಟು ಭಾಷೆಗಳಲ್ಲಿ ಮಗು ಶಾಲೆ ಕಲಿಯಬಹುದು ಅನ್ನೋ ಪ್ರಶ್ನೆಯನ್ನು ಆ ಹೆಸರು ಮರೆಸಬಾರದು. ನನ್ನ ವಾದ ಅಷ್ಟೇ.

ಪ್ರಶ್ನೆ (ಅಧ್ಯಾಪಕರೊಬ್ಬರು): ಮೂರನೆಯ ಕೇಳಿಕೆ, ಮೌನದ್ದು, ಅದು ಪ್ರದರ್ಶನವನ್ನೇ ಬಡವಾಗಿಸುವುದಿಲ್ಲವೇ?

ಉತ್ತರ: ಮೇಡಂ, ವಚನವನ್ನು ಹಾಡದೆ ಓದಿದರೆ ಬಡವಾಗುತ್ತದೆಯಾ? ನಮ್ಮ ಮನೆಗಳಲ್ಲಿ ಅದನ್ನು ಓದಿಯೇ ಉಳಿಸಿಕೊಂಡು ಬಂದಿದ್ದೀವಿ. ಓದೂ ಒಂದು ವಾದನ ಅಂತ ನನಗನ್ನಿಸುತ್ತದೆ.